ಯಾನ್ಬುವಿನಲ್ಲಿ ಎಂಕಣ್ಣನ ಹಾಡು

ವರ್ಷ ಮುಗಿಯುವ ಹೊತ್ತಿಗೆ ಮೊಬೈಲಿನ ಹಾಡಿನ ಆ್ಯಪು ಒಂದು ಚಾಡಿ ಹೇಳುತ್ತದೆ, ನೀವೂ ನೋಡಿರಬಹುದು. ನಾವು ಇಡೀ ವರ್ಷ ಕಿವಿಗೆ ಸಿಕ್ಕಿಸಿಕೊಂಡು ಗುಟ್ಟಾಗಿ ಏನೇನು ಕೇಳಿದೆವು ಎಂಬುದನ್ನು ಬಣ್ಣದ ಪರದೆಯ ಮೇಲೆ ಬರೆದು, ಊರಿಗೆಲ್ಲ ತೋರಿಸಿ ಎನ್ನುತ್ತದೆ. ಕಳೆದ ಡಿಸೆಂಬರಿನಲ್ಲಿ ಸೌದಿಯ ಯಾನ್ಬುವಿನ ನಮ್ಮ ಇಂಡಿಯನ್ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಪರದೆ ತೋರಿಸಿಕೊಳ್ಳುತ್ತಿದ್ದರು. ಹಿಂದಿ ಟೀಚರಿಗೆ ಗಜಲ್ ಬಂದಿತ್ತು. ಕೆಮಿಸ್ಟ್ರಿಯವರಿಗೆ ಮಲಯಾಳಂ ಸಿನಿಮಾ ಹಾಡು ಬಂದಿತ್ತು. ಹತ್ತನೇ ಕ್ಲಾಸಿಗೆ ಗಣಿತ ಹೇಳುವ, ಮಕ್ಕಳು ಎದುರಿಗೆ ಬಂದರೆ ನಗುವನ್ನು ನುಂಗಿಕೊಳ್ಳುವ ನನ್ನ ಪರದೆಯ ಮೇಲೆ ಮಾತ್ರ, ನಿಮ್ಮ ಅತಿ ಪ್ರೀತಿಯ ಸಂಗೀತ 'ಎಂಕಾ' ಎಂದು ಬಂತು.

ಪಕ್ಕದಲ್ಲಿದ್ದ ಉಳ್ಳಾಲದ ಜುಬೈದಾ ಇಣುಕಿ ನೋಡಿದಳು. ಅವಳು ಸಮಾಜ ವಿಜ್ಞಾನದ ಟೀಚರು.

"ಎಂತದು ಶಾಲಿನಿ ಇದು? ಯಾವ ದೇಶದ್ದು?"

"ಜಪಾನಿನ ಹಾಡು ಮಾರಾಯ್ತಿ."

"ಭಾಷೆ ಗೊತ್ತುಂಟಾ ನಿಂಗೆ?"

"ಇಲ್ಲ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಉಂಟೋ ಎಂದು.

ಈ ಎಂಕಾ ಎಂಬ ಹೆಸರು ನಮ್ಮ ಮನೆಯಲ್ಲಿ ಎಂಕಣ್ಣ ಆಗಿ ಹೋಗಿದೆ. ಅದು ನನ್ನ ಗಂಡ ದಿನೇಶರ ಕೆಲಸ. ನಮ್ಮಿಬ್ಬರದ್ದೂ ಕಟಪಾಡಿ ಕಡೆಯೇ ಆದ್ದರಿಂದ ನಮ್ಮಿಬ್ಬರಿಗೂ ಗೊತ್ತಿದ್ದ ಒಬ್ಬ ಎಂಕಣ್ಣ ಇದ್ದರು. ಮದುವೆಗೆ, ಸೀಮಂತಕ್ಕೆ ಮೈಕ್ ಸೆಟ್ ಕಟ್ಟುವವರು. ಸೈಕಲ್ಲಿನ ಹಿಂದೆ ಧ್ವನಿವರ್ಧಕದ ದೊಡ್ಡ ತುತ್ತೂರಿಯನ್ನು ಹಗ್ಗದಲ್ಲಿ ಬಿಗಿದುಕೊಂಡು ಬಂದು, ತೆಂಗಿನ ಮರ ಹತ್ತಿ ಕಟ್ಟಿ, ಇಳಿದು ಬೀಡಿ ಹಚ್ಚಿ, ಆಮೇಲೆ ಹಿಂದಿ ಹಾಡು ಹಾಕುತ್ತಿದ್ದರು. ಯಾಕೆ ಹಿಂದಿಯೇ ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತೆಂಗಿನ ಮರದ ಮೇಲೆ ಹಿಂದಿ, ಅಷ್ಟೇ. ನಾವು ಮಕ್ಕಳು ಚಪ್ಪರದ ಕಂಬ ಹಿಡಿದು ಸುತ್ತುತ್ತಾ ಆ ಹಾಡುಗಳನ್ನು ಜೊತೆಗೆ ಹಾಡುತ್ತಿದ್ದೆವು. ಒಂದು ಶಬ್ದವೂ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಹಾಡಿದರೂ ಕಣ್ಣಲ್ಲಿ ನೀರು ಬರುವಲ್ಲಿ ಸರಿಯಾಗಿ ಬರುತ್ತಿತ್ತು. ಒಂದು ಮದುವೆಯಲ್ಲಿ ನಾನು ಮೈಮರೆತು ಅತ್ತದ್ದು ಹಲ್ಲುಜ್ಜುವ ಪುಡಿಯ ಜಾಹೀರಾತಿಗೆ ಎಂದು ದೊಡ್ಡವಳಾದ ಮೇಲೆ ತಿಳಿಯಿತು.

ಆದ್ದರಿಂದ, ಭಾಷೆ ಗೊತ್ತಿಲ್ಲದೆ ಹಾಡು ಹೇಗೆ ಕೇಳುತ್ತೀ ಎಂಬ ಪ್ರಶ್ನೆ ನನಗೆ ಪ್ರಶ್ನೆಯೇ ಅಲ್ಲ. ನಾನು ಹಾಗೆಯೇ ಬೆಳೆದವಳು.

ಎಂಕಾ ನನ್ನ ಜೀವನದೊಳಗೆ ಬಂದದ್ದು ಗೋಡೆಯ ಮೂಲಕ. ಯಾನ್ಬುವಿನಲ್ಲಿ ನಾವಿರುವುದು ಕಂಪನಿಯವರು ಕೊಟ್ಟ ಫ್ಲಾಟಿನಲ್ಲಿ. ದಿನೇಶರು ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಪಕ್ಕದ ಫ್ಲಾಟು ಬಹಳ ದಿನ ಖಾಲಿ ಇತ್ತು. ಒಂದು ಶನಿವಾರ ಬೆಳಿಗ್ಗೆ, ಶಾಲೆಗೆ ರಜೆ, ನಾನು ನೀರುದೋಸೆ ಹೊಯ್ಯುತ್ತಿದ್ದೆ. ಅಡುಗೆಮನೆಯ ಗೋಡೆಯ ಆಚೆಯಿಂದ ಹೆಂಗಸೊಬ್ಬಳು ಅಳುವುದು ಕೇಳಿತು. ಸಣ್ಣ ಅಳುವಲ್ಲ. ಸ್ವರ ಮೇಲೆ ಹೋಗಿ, ಅಲ್ಲಿ ನಡುಗಿ, ಚಕ್ಕುಲಿಯ ಹಾಗೆ ಸುತ್ತಿಕೊಂಡು ಕೆಳಗೆ ಬರುವಂಥದ್ದು. ಪರದೇಶದಲ್ಲಿ ಯಾರೋ ಒಬ್ಬಳು ಒಬ್ಬಳೇ ಕುಳಿತು ಅಳುತ್ತಿದ್ದಾಳೆ ಎಂದುಕೊಂಡು ಒಲೆ ಆರಿಸಿದೆ. ದೋಸೆಯನ್ನು ಮಡಚಿ ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಬೆಲ್ಲ ಕಾಯಿತುರಿಯ ಕಾಯಿಸುಳಿ ಹಾಕಿ, ಹೇಗೆ ಸಮಾಧಾನ ಹೇಳಬೇಕೆಂದು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡು ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದವರು ಅರುವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ಕೈಯಲ್ಲಿ ಸೌಟು, ಸೊಂಟಕ್ಕೆ ಏಪ್ರನ್, ಮುಖದ ತುಂಬ ನಗು. ಒಳಗಿನಿಂದ ಆ ಅಳು ಇನ್ನೂ ಬರುತ್ತಲೇ ಇತ್ತು, ಜೊತೆಗೆ ಪಿಟೀಲು, ಡ್ರಮ್ಮು.

"ನೀವು ಅಳುತ್ತಿದ್ದೀರಿ ಅಂತ..." ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಸೌಟನ್ನು ಬಾಯಿಗೆ ಅಡ್ಡ ಹಿಡಿದು ಬಗ್ಗಿ ಬಗ್ಗಿ ನಕ್ಕರು. "ಅಳು ಅಲ್ಲ. ಎಂಕಾ. ನಾನು ಖುಷಿಯಲ್ಲಿದ್ದೇನೆ," ಎಂದರು.

ಹೀಗೆ ಪರಿಚಯವಾದವರು ಫುಮಿಕೊಸಾನ್. 'ಸಾನ್' ಎಂದರೆ ಜಪಾನಿನವರು ಹೆಸರಿಗೆ ಸೇರಿಸುವ ಮರ್ಯಾದೆ, ನಮ್ಮ 'ಅವರು' ಇದ್ದ ಹಾಗೆ. ಗಂಡ ಪ್ಲಾಂಟಿನ ಹೊಸ ವಿಭಾಗ ಕಟ್ಟಿಸಲು ಬಂದ ಎಂಜಿನಿಯರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವವರು. ಇವರಿಗೆ ಮನೆಯಲ್ಲಿ ಹಾಡು, ಹೊರಗೆ ಕಾರು. ಜಪಾನಿನ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಂಡು ಬಿಳಿ ಬಣ್ಣದ ಒಂದು ಸಣ್ಣ ಕಾರನ್ನು ಓಡಿಸುತ್ತಿದ್ದರು. ಎಂಕಾ ಹಾಡಿನ ವೇಗದಲ್ಲಿ. ಹಿಂದಿನಿಂದ ಎಷ್ಟು ಹಾರ್ನ್ ಬಿದ್ದರೂ ತಾಳ ತಪ್ಪುತ್ತಿರಲಿಲ್ಲ.

ನನಗೆ ಹಾಡಿನ ದೀಕ್ಷೆ ಕೊಟ್ಟದ್ದು ಅದೇ ಕಾರಿನಲ್ಲಿ, ಶನಿವಾರಗಳಂದು, ಮೀನು ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ. ವಾರಕ್ಕೊಂದೇ ಹಾಡು. ಮಗುವಿಗೆ ಅನ್ನ ತಿನ್ನಲು ಕಲಿಸುವ ಹಾಗೆ.

"ಹೊಸಬರಿಗೆ ಮೊದಲು ಹೊಸ ಹಾಡು," ಎನ್ನುತ್ತಿದ್ದರು. "ಹಳೆಯದು ಆಮೇಲೆ. ಮೊದಲೇ ಹಳೆಯದು ಕೊಟ್ಟರೆ ಓಡಿ ಹೋಗುತ್ತಾರೆ."

ಹಳೆಯ ಎಂಕಾದಲ್ಲಿ ಬಂದರು, ಹಿಮ, ರೈಲು ಮತ್ತು ಮದ್ಯ ಇರಲೇಬೇಕಂತೆ. ಹೆಂಗಸೊಬ್ಬಳು ಕಾಯುತ್ತಿರಬೇಕು. ಗಂಡಸು ಬಾರದಿರಬೇಕು. ಈಗಿನ ಹಾಡುಗಳಲ್ಲಿ ಗಿಟಾರು ಬಂದಿದೆ, ಜೋರಾದ ಡ್ರಮ್ಮು ಬಂದಿದೆ. ಚಹಾ ಬಣ್ಣದ ಕೂದಲಿನ ಹುಡುಗರು ಕಿಮೊನೊ ತೊಟ್ಟು, ಒಮ್ಮೊಮ್ಮೆ ಅದನ್ನೂ ಬಿಟ್ಟು ಹೊಳೆಯುವ ಕೋಟು ಹಾಕಿ ಹಾಡುತ್ತಾರೆ. ಹಳೆಯ ಹಾಡಿನಲ್ಲಿ ಅಂಚೆಗೆ ಕಾಯುತ್ತಿದ್ದವಳು ಹೊಸ ಹಾಡಿನಲ್ಲಿ ಮೊಬೈಲು ಬೆಳಗುವುದಕ್ಕೆ ಕಾಯುತ್ತಾಳೆ. ಕಾಯುವುದು ಮಾತ್ರ ಹಾಗೆಯೇ ಇದೆ. ಮತ್ತು ಆ ಚಕ್ಕುಲಿ. ಅದಕ್ಕೆ ಅವರು 'ಕೊಬುಶಿ' ಎನ್ನುತ್ತಾರೆ. ನೇರ ಹೋಗುವ ಸ್ವರ ಒಂದು ಜಾಗದಲ್ಲಿ ಮುಷ್ಟಿ ಕಟ್ಟಿದ ಹಾಗೆ ಸುರುಳಿಯಾಗುವುದು. ಗಿಟಾರು ಇರಲಿ, ಡ್ರಮ್ಮು ಇರಲಿ, ಅದೊಂದು ಇದ್ದರೆ ಅದು ಎಂಕಾ ಎನ್ನುವುದು ಫುಮಿಕೊಸಾನರ ವಾದ.

ವಾದ ಎಂದೆ ಯಾಕೆಂದರೆ ಎದುರುವಾದಿಯೂ ಒಬ್ಬರಿದ್ದರು. ಅವರ ಅಕ್ಕ ಸಚಿಕೊ. ಇಬ್ಬರೂ ಬೆಳೆದದ್ದು ಜಪಾನಿನ ಉತ್ತರದ ಒಂದು ಬಂದರಿನ ಊರಿನಲ್ಲಿ. ತಾಯಿ ಒಣಮೀನಿನ ಅಂಗಡಿ ಇಟ್ಟಿದ್ದರು. ಅಂಗಡಿಯ ಮೇಲಿನ ಹಲಗೆಯ ಮೇಲೊಂದು ರೇಡಿಯೊ, ಅದರಲ್ಲಿ ದಿನವಿಡೀ ಎಂಕಾ. ತಾಯಿ ತೀರಿಕೊಂಡು ವರ್ಷಗಳಾದರೂ ಅಕ್ಕ ಆ ಹಾಡುಗಳಿಂದ ಈಚೆಗೆ ಬಂದಿಲ್ಲ. ಫುಮಿಕೊಸಾನ್ ಮಾತ್ರ ಈಗಿನ ಒಬ್ಬ ಹುಡುಗ ಗಾಯಕನ ಭಕ್ತೆ. ಹುಡುಗನ ಹೆಸರು ಬರೆದರೆ ಅವರು ನಾಚುತ್ತಾರೆ, ಆದ್ದರಿಂದ ಹುಡುಗ ಎಂದೇ ಇಟ್ಟುಕೊಳ್ಳೋಣ. ಅವನ ಮುಖ ಅಚ್ಚಾದ ಬೀಸಣಿಗೆ ಅವರಲ್ಲಿದೆ, ಅವನ ಹಾಡಿಗೆ ಆಡಿಸುವ ನೇರಳೆ ಬಣ್ಣದ ದೀಪದ ಕಡ್ಡಿ ಇದೆ. ಕಳೆದ ಸಲ ಊರಿಗೆ ಹೋದಾಗ ಅಕ್ಕನಿಗೆ ಅವನ ಹೊಸ ಹಾಡು ಕೇಳಿಸಿದರಂತೆ. ಅಕ್ಕ ಅರ್ಧ ಕೇಳಿ, "ಅಮ್ಮ ಇದ್ದಿದ್ದರೆ ರೇಡಿಯೊ ಆರಿಸುತ್ತಿದ್ದಳು," ಎಂದರಂತೆ.

ಇದನ್ನು ಹೇಳುವಾಗ ಫುಮಿಕೊಸಾನ್ ನಗುತ್ತಲೇ ಇದ್ದರು. ಆದರೆ ಕೈಯಲ್ಲಿದ್ದ ಈರುಳ್ಳಿ ಹೂವನ್ನು ಬೇಕಾದ್ದಕ್ಕಿಂತ ಬಹಳ ಸಣ್ಣಗೆ ಹೆಚ್ಚುತ್ತಾ ಹೋದರು. ಆಮೇಲಿನಿಂದ ಅಕ್ಕತಂಗಿ ಫೋನಿನಲ್ಲಿ ಹವೆಯ ಬಗ್ಗೆ ಮಾತ್ರ ಮಾತಾಡುತ್ತಾರಂತೆ. ಯಾನ್ಬುವಿನ ಹವೆಯ ಬಗ್ಗೆ ಎಷ್ಟು ಮಾತಾಡಲಿಕ್ಕಾಗುತ್ತದೆ, ನೀವೇ ಹೇಳಿ.

ಇಷ್ಟರಲ್ಲಿ ನನ್ನ ಅಮ್ಮ ವಿಸಿಟ್ ವೀಸಾದಲ್ಲಿ ಬಂದಳು. ಅವಳಿಗೆ ಎಪ್ಪತ್ತು ದಾಟಿದೆ. ಊರಿನಲ್ಲಿ ನನ್ನ ತಮ್ಮನ ಮನೆಯ ಮಕ್ಕಳ ಗದ್ದಲ, ಬೆಕ್ಕು, ನೆರೆಕರೆಯ ಮಾತು ಎಲ್ಲ ಬಿಟ್ಟು ಬಂದವಳಿಗೆ ಇಲ್ಲಿಯ ಫ್ಲಾಟು ಫ್ರಿಜ್ಜಿನ ಹಾಗೆ ಕಂಡಿತು. "ಇಲ್ಲಿ ಕಾಗೆ ಕೂಡ ಕೂಗುವುದಿಲ್ಲ," ಎಂದು ದೂರಿದಳು. ನಾನು ಶಾಲೆಗೆ, ದಿನೇಶರು ಪ್ಲಾಂಟಿಗೆ, ಮಗ ಕಾಲೇಜಿಗೆಂದು ಮಂಗಳೂರಿನಲ್ಲಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಶಾಲೆಯಿಂದ ಬಂದಾಗ ನಮ್ಮ ಮನೆಗೆ ಬೀಗ. ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಒಳಗೆ ನೆಲದ ಮೇಲೆ ಪೇಪರು ಹಾಸಿಕೊಂಡು ಅಮ್ಮ ಸಿಗಡಿ ಸುಲಿಯುತ್ತಿದ್ದಳು. ಎದುರಿಗೆ ಫುಮಿಕೊಸಾನ್, ಅವರೂ ಸುಲಿಯುತ್ತಿದ್ದರು. ಎಂಕಾ ಹಾಡುತ್ತಿತ್ತು.

"ಪುಮ್ಮಕ್ಕ ಕರೆದರು, ಬಂದೆ," ಎಂದಳು ಅಮ್ಮ.

ಫುಮಿಕೊ ಹೇಗೆ ಪುಮ್ಮಕ್ಕ ಆದರು ಎಂದು ನಾನು ಕೇಳಲಿಲ್ಲ. ಅವರು ಅಮ್ಮನನ್ನು 'ಅಮ್ಮಾಸಾನ್' ಎಂದು ಕರೆಯುತ್ತಿದ್ದರು. ಅಲ್ಲಿಂದ ಮುಂದೆ ದಿನವೂ ಅದೇ. ಅಮ್ಮ ಹೇಳಿದ್ದನ್ನು ಮೊಬೈಲಿನ ಅನುವಾದದ ಹೆಂಗಸು ಅರ್ಧ ತಪ್ಪಾಗಿ ಹೇಳುವುದು, ಉಳಿದರ್ಧವನ್ನು ಇವರಿಬ್ಬರು ಕೈಬಾಯಿಯಲ್ಲಿ ತುಂಬಿಸುವುದು.

ಎಂಕಾ ಎಂಬ ಹೆಸರು ಕೇಳಿ ಅಮ್ಮನಿಗೆ ಬಹಳ ಖುಷಿಯಾಯಿತು. ತುಳುವಿನಲ್ಲಿ 'ಎಂಕ್' ಎಂದರೆ ನನಗೆ ಎಂದರ್ಥವಲ್ಲವೇ. "ಸರಿಯಾದ ಹೆಸರೇ. ನನಗೇ ಮಾಡಿದ ಹಾಡು," ಎಂದಳು. ಪರದೆಯಲ್ಲಿ ಹಾಡುವ ಹೆಣ್ಣುಮಕ್ಕಳ ಕಿಮೊನೊ ನೋಡಿ, "ಚಂದ ಉಂಟು. ಆದರೆ ಸೆರಗು ಎಲ್ಲಿ ಹೋಯಿತು? ಬೆವರು ಒರೆಸಬೇಕಾದರೆ ಎಂತ ಮಾಡ್ತಾರೆ?" ಎಂದು ಚಿಂತೆ ಮಾಡಿದಳು.

ಇಬ್ಬರೂ ಒಂದು ಆಟ ಕಂಡುಹಿಡಿದಿದ್ದರು. ಹಾಡು ಮುಗಿದ ಮೇಲೆ ಅಮ್ಮ ಅದರ ಕಥೆಯನ್ನು ಊಹಿಸಿ ಹೇಳಬೇಕು. ಆಮೇಲೆ ಫುಮಿಕೊಸಾನ್ ನಿಜವಾದ ಅರ್ಥ ಹೇಳುತ್ತಾರೆ. ಒಂದು ಸಂಜೆ ನಾನೂ ಇದ್ದೆ. ಹುಡುಗಿಯೊಬ್ಬಳು ಎದೆ ಬಿರಿಯುವ ಹಾಗೆ ಹಾಡಿದಳು. ಅಮ್ಮ ಕಣ್ಣು ಮುಚ್ಚಿ ಕೇಳಿ, "ಇವಳ ಹಸು ಮೇಯಲಿಕ್ಕೆ ಹೋದದ್ದು ಬರಲಿಲ್ಲ," ಎಂದಳು.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಫುಮಿಕೊಸಾನ್ ಗಂಭೀರವಾಗಿ ತಲೆಯಾಡಿಸಿದರು. "ಬಹಳ ಹತ್ತಿರ. ಹಸು ಅಲ್ಲ, ಗಂಡ. ಮೀನಿನ ಬೋಟಿನಲ್ಲಿ ಹೋಗಿದ್ದಾನೆ."

ಅಮ್ಮ ಸ್ವಲ್ಪ ಯೋಚಿಸಿ, "ಹಸುವಾದರೆ ಸಂಜೆಗೆ ತಾನೇ ಬರ್ತದೆ. ಇದು ಕಷ್ಟದ್ದು," ಎಂದಳು. ಇದನ್ನು ತರ್ಜುಮೆ ಮಾಡಿದಾಗ ಫುಮಿಕೊಸಾನ್ ನಗುತ್ತಾ ಸಿಗಡಿಯ ತಟ್ಟೆ ಬೀಳಿಸಿದರು.

ಹಿಮದ ಹಾಡು ಬಂದ ದಿನ ಅಮ್ಮ ಫ್ರೀಜರ್ ತೆರೆದು, ಬದಿಯಲ್ಲಿ ಕಟ್ಟಿದ್ದ ಬಿಳಿಯನ್ನು ಉಗುರಿನಲ್ಲಿ ಕೆರೆದು ಅಂಗೈಯಲ್ಲಿಟ್ಟು, "ಇದರೊಳಗೆ ಇವರು ನಡ್ಕೊಂಡು ಹೋಗ್ತಾರಾ?" ಎಂದು ಕೇಳಿದಳು. ಮದ್ಯದ ಹಾಡುಗಳಿಗೆ ಈ ದೇಶದಲ್ಲಿ ಬೇರೆ ದಾರಿಯಿಲ್ಲದೆ ಇಬ್ಬರೂ ಎದುರಿನ ಬಕಾಲಾ ಅಂಗಡಿಯಿಂದ ತಂದ ಲಬನ್ ಎಂಬ ಮಜ್ಜಿಗೆ ಕುಡಿಯುತ್ತಿದ್ದರು. ಮೋಸ ಹೋದ ಗಂಡಸು ಬಾರಿನಲ್ಲಿ ಕುಳಿತು ದುಃಖಿಸುವಲ್ಲಿಗೆ ಸರಿಯಾಗಿ ಫುಮಿಕೊಸಾನ್ ಮಜ್ಜಿಗೆಯ ಲೋಟ ಎತ್ತಿ ಕಣ್ಣು ಮುಚ್ಚುವರು. ಅಮ್ಮನೂ ಎತ್ತುವಳು. ತುಟಿಯ ಮೇಲೆ ಬಿಳಿ ಮೀಸೆ ಇಬ್ಬರಿಗೂ.

ಅಕ್ಕತಂಗಿಯರ ಜಗಳದ ಸಂಗತಿ ಕೇಳಿ ಅಮ್ಮನಿಗೆ ಆಶ್ಚರ್ಯವಾಯಿತು. "ಹಾಡಿಗಾಗಿ ಜಗಳವಾ? ಒಳ್ಳೆಯವರು ಮಾರಾಯ್ತಿ. ನಮ್ಮಲ್ಲಿ ಜಾಗಕ್ಕೆ ಮಾಡ್ತಾರೆ." ಆದರೆ ಆಮೇಲೆ ಅಡುಗೆಮನೆಯಲ್ಲಿ ನನ್ನೊಡನೆ ಮೆಲ್ಲಗೆ, "ಹವೆ ಮಾತಾಡುವುದು ಒಳ್ಳೇದಲ್ಲ. ಅದು ಮಾತು ಮುಗಿದವರು ಆಡುವ ಮಾತು," ಎಂದಳು.

ಚಳಿಗಾಲದ ಒಂದು ಮಧ್ಯಾಹ್ನ ಫುಮಿಕೊಸಾನ್ ಚಪ್ಪಲಿ ಕೂಡ ಹಾಕದೆ ನಮ್ಮ ಮನೆಗೆ ಓಡಿ ಬಂದರು. ಜಿದ್ದಾದಲ್ಲಿ ಜಪಾನಿನ ಕಲೆ, ತಿಂಡಿ, ಆಟಗಳ ಒಂದು ಮೇಳ ನಡೆಯುತ್ತದಂತೆ. ಶನಿವಾರ ಆ ಹುಡುಗ ಬಂದು ಹಾಡುತ್ತಾನಂತೆ. ಅದನ್ನು ಹೇಳಿ ನಮ್ಮ ಸೋಫಾದ ಮೇಲೆ ಕುಳಿತು, ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡರು. ಆ ಕ್ಷಣಕ್ಕೆ ಅವರಿಗೆ ಹದಿನಾರು ವರ್ಷ.

ದಿನೇಶರಿಗೆ ಪ್ಲಾಂಟಿನಲ್ಲಿ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ. "ನೀವು ಮೂವರು ಹೋಗಿ ಬನ್ನಿ. ಎಂಕಣ್ಣನಿಗೆ ನನ್ನ ನಮಸ್ಕಾರ ಹೇಳಿ," ಎಂದರು.

ಶನಿವಾರ ಬೆಳಿಗ್ಗೆಯೇ ಹೊರಟೆವು. ಫುಮಿಕೊಸಾನ್ ಡ್ರೈವಿಂಗು, ನಾನು ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಅಮ್ಮ ರೇಷ್ಮೆ ಸೀರೆ ಉಟ್ಟು, ಬುತ್ತಿಯಲ್ಲಿ ಅವಲಕ್ಕಿ ಕಟ್ಟಿಕೊಂಡು. ಎಡಕ್ಕೆ ಬೋಳು ಗುಡ್ಡ, ಮರಳು, ಅಲ್ಲಲ್ಲಿ ಒಂಟೆ. ಒಂದೊಂದು ಕಡೆ ಬಲಕ್ಕೆ ಸಮುದ್ರದ ನೀಲಿ ಗೆರೆ. ಎಂಕಾದ ವೇಗದಲ್ಲಿ ಹೋಗುತ್ತಿದ್ದ ನಮ್ಮನ್ನು ಹುಲ್ಲು ತುಂಬಿದ ಲಾರಿಗಳೂ ಹಿಂದೆ ಹಾಕಿ ಹೋದವು.

ಮೇಳ ಇದ್ದದ್ದು ಒಂದು ದೊಡ್ಡ ಹಾಲಿನಲ್ಲಿ. ಒಳಗೆ ಕಾಲಿಟ್ಟದ್ದೇ ನಾವು ಮೂವರೂ ನಿಂತುಬಿಟ್ಟೆವು. ಹಾಲಿನ ತುಂಬ ಸೌದಿ ಹುಡುಗ ಹುಡುಗಿಯರು. ಕಪ್ಪು ನಿಲುವಂಗಿ ಅಬಾಯಾದ ಮೇಲೆ ಗುಲಾಬಿ ಬಣ್ಣದ ಕೂದಲು, ಬೆನ್ನಿಗೆ ರಟ್ಟಿನ ಕತ್ತಿ, ತಲೆಗೆ ಬೆಕ್ಕಿನ ಕಿವಿ. ಜಪಾನಿನ ಕಾರ್ಟೂನುಗಳೆಂದರೆ ಇಲ್ಲಿಯ ಮಕ್ಕಳಿಗೆ ಪ್ರಾಣ. ಎಲ್ಲರೂ ಬಂದದ್ದು ಅದಕ್ಕೆ. ವೇಷದ ಸ್ಪರ್ಧೆಗೂ ಚಿತ್ರ ಬಿಡಿಸುವ ಸ್ಪರ್ಧೆಗೂ ನಡುವಿನ ಸಂದಿಯಲ್ಲಿ ನಮ್ಮ ಹುಡುಗನನ್ನು ತುರುಕಿದ್ದರು.

ವೇಷದ ಸ್ಪರ್ಧೆ ಮುಗಿಯಿತು. ಕಡು ನೀಲಿ ಕಿಮೊನೊ ತೊಟ್ಟು ಅವನು ವೇದಿಕೆಗೆ ಬಂದು ಬಾಗಿ ನಮಸ್ಕರಿಸುವಾಗ ಮಕ್ಕಳು ಎದ್ದು ತಿಂಡಿಯ ಅಂಗಡಿಗಳ ಕಡೆ ಹೊರಟಿದ್ದರು. ಎದುರಿನ ಸಾಲಿನಲ್ಲಿ ಕುಳಿತ ನಮಗೆ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಖಾಲಿಯಾಗುತ್ತಿರುವ ಕುರ್ಚಿಗಳನ್ನು ನೋಡಿಯೂ ನೋಡದವನ ಹಾಗೆ ನಗುತ್ತಿದ್ದ. ಫುಮಿಕೊಸಾನ್ ನೇರಳೆ ಕಡ್ಡಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು.

ಹೊಸ ಹಾಡು ಶುರುವಾಯಿತು. ಹಿನ್ನೆಲೆ ಸಂಗೀತವೆಲ್ಲ ಕಂಪ್ಯೂಟರಿನಿಂದ ಬರುವಂಥದ್ದು. ಒಂದು ಚರಣ ಮುಗಿಯುವಷ್ಟರಲ್ಲಿ ಅದು ಕರ್ ಎಂದು ನಿಂತೇ ಹೋಯಿತು. ಮೈಕು ಮಾತ್ರ ಇತ್ತು. ಹುಡುಗ ನಿಲ್ಲಿಸಲಿಲ್ಲ. ಬರಿಯ ಗಂಟಲಲ್ಲಿ ಹಾಡುತ್ತಾ ಪಲ್ಲವಿ ಮುಗಿಸಿದ. ಆದರೆ ಆಮೇಲೆ ಪಿಟೀಲು, ಗಿಟಾರು ನುಡಿಯಬೇಕಾದ ಜಾಗ ಇತ್ತಲ್ಲ, ಅಲ್ಲಿ ಏನೂ ಇಲ್ಲ. ದೊಡ್ಡ ಹಾಲು, ನಡುವೆ ಒಬ್ಬ ಹುಡುಗ, ಮತ್ತು ನಿಶ್ಶಬ್ದ.

ಆಗ ನನ್ನ ಪಕ್ಕದಿಂದ, "ರಾ ರ ರಾ, ರಾ ರ ರಾ ರಾ" ಎಂದು ಬಂತು.

ಫುಮಿಕೊಸಾನ್. ಗಂಡನ ಎದುರಿಗೂ ಗಟ್ಟಿಯಾಗಿ ಹಾಡದವರು, ಎದ್ದು ನಿಂತು ಪಿಟೀಲಿನ ಭಾಗವನ್ನು ಬಾಯಲ್ಲಿ ನುಡಿಸುತ್ತಿದ್ದರು. ತಾನು ಎದ್ದದ್ದು ಅವರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ಹುಡುಗ ಒಮ್ಮೆ ಬೆಚ್ಚಿ ನೋಡಿದ. ಮತ್ತೆ ಮುಖವೆಲ್ಲ ಅರಳಿ, ಮೈಕನ್ನು ಅವರ ಕಡೆಗೆ ಚಾಚಿದ. ಅಮ್ಮ ತಾಳ ಹಾಕತೊಡಗಿದಳು. ತಿಂಡಿಗೆ ಹೊರಟಿದ್ದ ಬೆಕ್ಕಿನ ಕಿವಿಗಳು ಬಾಗಿಲಲ್ಲಿ ನಿಂತವು, ಹಿಂದೆ ತಿರುಗಿದವು. ಎರಡನೆಯ ಚರಣದ ಆಚೆಗಿನ ಖಾಲಿ ಜಾಗ ಬರುವ ಹೊತ್ತಿಗೆ ಇಡೀ ಹಾಲು "ರಾ ರ ರಾ" ಎನ್ನುತ್ತಿತ್ತು. ರಟ್ಟಿನ ಕತ್ತಿಗಳು ಅತ್ತಿತ್ತ ತೂಗುತ್ತಿದ್ದವು. ನಾನೂ ಹಾಡಿದೆ. ಗಣಿತದ ಟೀಚರು ಎಂಬ ಮರ್ಯಾದೆಯನ್ನು ಕುರ್ಚಿಯ ಕೆಳಗಿಟ್ಟು ಹಾಡಿದೆ.

ಹಾಡು ಮುಗಿದ ಮೇಲೆ ಹುಡುಗ ವೇದಿಕೆಯ ಅಂಚಿಗೆ ಬಂದು ಮೊಣಕಾಲೂರಿ ಕುಳಿತು ಫುಮಿಕೊಸಾನರೊಡನೆ ಏನೋ ಕೇಳಿದ. ಅವರಿಗೆ ಈಗ ಎಚ್ಚರವಾಗಿತ್ತು. ಕಿವಿಯವರೆಗೆ ಕೆಂಪಾಗಿ, ನೆಲ ನೋಡತೊಡಗಿದರು. ಪಕ್ಕದಲ್ಲಿ ದುಭಾಷಿಯಾಗಿ ರಹಾಫ್ ಎಂಬ ಸೌದಿ ಹುಡುಗಿ ನಿಂತಿದ್ದಳು. ಕಾರ್ಟೂನು ನೋಡಿ ನೋಡಿಯೇ ಜಪಾನಿ ಕಲಿತವಳಂತೆ.

"ಯಾವ ಹಾಡು ಬೇಕು ಅಂತ ಕೇಳುತ್ತಿದ್ದಾರೆ," ಎಂದು ಅವಳು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು.

ಫುಮಿಕೊಸಾನ್ ನೆಲ ನೋಡುತ್ತಲೇ ಇದ್ದರು. ನಾನು ಅಮ್ಮನಿಗೆ ಸಂಗತಿ ಹೇಳಿದೆ. ಅಮ್ಮ ಮುಂದಕ್ಕೆ ಬಾಗಿ, ರಹಾಫಳನ್ನು ಸೀದಾ ನೋಡಿ, ತುಳುವಿನಲ್ಲಿ ಹೇಳಿದಳು: "ಇವರ ಅಮ್ಮನ ಅಂಗಡಿಯಲ್ಲಿ ರೇಡಿಯೊದಲ್ಲಿ ಬರ್ತಿತ್ತಲ್ಲ, ಆ ಹಾಡು ಬರ್ತದಾ ಕೇಳು ಇವನಿಗೆ."

ತುಳುವಿನಿಂದ ಇಂಗ್ಲಿಷಿಗೆ ನಾನು, ಇಂಗ್ಲಿಷಿನಿಂದ ಜಪಾನಿಗೆ ರಹಾಫ್. ಮಾತು ಅವನನ್ನು ಮುಟ್ಟಿದಾಗ ಅವನು ತಲೆ ವಾಲಿಸಿ, ಯಾವುದು ಎಂದು ಮೆಲ್ಲಗೆ ಕೇಳಿದ. ಫುಮಿಕೊಸಾನ್ ಕೊನೆಗೂ ಎರಡು ಶಬ್ದ ಉಸುರಿದರು. ಅವನು ಎದ್ದು ನಿಂತ, ಕಿಮೊನೊದ ಕೊರಳು ಸರಿಮಾಡಿಕೊಂಡ, ಕಣ್ಣು ಮುಚ್ಚಿದ.

ಅಷ್ಟರಲ್ಲಿ ಅಮ್ಮ ಫುಮಿಕೊಸಾನರ ಮೊಬೈಲನ್ನು ಅವರ ಚೀಲದಿಂದ ತೆಗೆದು ಕೈಗೆ ಕೊಟ್ಟಾಗಿತ್ತು. "ಅಕ್ಕನಿಗೆ ಮಾಡಿ ಪುಮ್ಮಕ್ಕ. ಈಗಲೇ."

ಭಾಷೆ ಬೇಕಾಗಲಿಲ್ಲ. ಅವರು ವೀಡಿಯೊ ಕರೆ ಮಾಡಿದರು. ಪರದೆಯಲ್ಲಿ ಊಟದ ಮೇಜು, ಕನ್ನಡಕ ಹಾಕಿದ ಒಬ್ಬ ಹೆಂಗಸು. ಅವರು ಏನೋ ಹೇಳಲು ಬಾಯಿ ತೆರೆದರು. ಫುಮಿಕೊಸಾನ್ ಮಾತಾಡದೆ ಮೊಬೈಲನ್ನು ವೇದಿಕೆಯ ಕಡೆ ತಿರುಗಿಸಿದರು.

ಆ ಹಾಡನ್ನು ನಾನು ಹೇಗೆ ವರ್ಣಿಸಲಿ. ಅಳತೆ ಗೊತ್ತಿರುವ ವಿಷಯ ಕಲಿಸುವವಳು ನಾನು. ಸಂಗೀತ ಇಲ್ಲ, ಡ್ರಮ್ಮು ಇಲ್ಲ. ನಿಧಾನವಾದ ಒಂದು ಸ್ವರ ಹೊರಟು, ಬಹಳ ದೂರ ನೇರ ಹೋಗಿ, ಇನ್ನೇನು ಕಾಣದಾಗುತ್ತದೆ ಎನ್ನುವಲ್ಲಿ ಸುರುಳಿಯಾಗಿ ಹಿಂದೆ ತಿರುಗಿತು. ತಿಂಡಿಯ ಅಂಗಡಿಯವರೂ ಬಂದು ನಿಂತಿದ್ದರು. ಮೊಬೈಲು ಹಿಡಿದ ಫುಮಿಕೊಸಾನರ ಕೈ ಕೆಳಗಿಳಿಯತೊಡಗಿದಾಗ ಅಮ್ಮ ಅವರ ಮಣಿಕಟ್ಟಿನ ಕೆಳಗೆ ತನ್ನ ಅಂಗೈಯ ಆಧಾರ ಕೊಟ್ಟಳು. ಹಾಡು ಮುಗಿಯುವವರೆಗೂ ಹಾಗೆಯೇ ಹಿಡಿದಿದ್ದಳು.

ಚಪ್ಪಾಳೆ ಇಳಿದ ಮೇಲೆ ಮೊಬೈಲಿನಿಂದ ಅಕ್ಕನ ಸ್ವರ ಬಂತು. ಅವರಿಬ್ಬರು ಆಡಿದ್ದನ್ನು ಆಮೇಲೆ ಫುಮಿಕೊಸಾನ್ ನಮಗೆ ಹೇಳಿದರು.

"ಯಾರು ಆ ಹುಡುಗ?"

"ಅವನೇ."

"ಯಾವನು?"

"ನೀನು ಅರ್ಧಕ್ಕೆ ನಿಲ್ಲಿಸಿದೆಯಲ್ಲ, ಅವನೇ."

ಅಕ್ಕ ಕನ್ನಡಕ ತೆಗೆದು ಒರೆಸಿ, "ಎಲ್ಲಿ ಉಸಿರು ತೆಗೆಯಬೇಕೆಂದು ಇವನಿಗೆ ಗೊತ್ತಿದೆ," ಎಂದರಂತೆ. "ಉಳಿದರ್ಧ ಕಳಿಸು," ಎಂದರಂತೆ.

ಹುಡುಗ ಕೆಳಗಿಳಿದು ಬಂದು ನಮ್ಮ ಎದುರಿಗೆ ಸೊಂಟ ಬಗ್ಗಿಸಿ ನಿಂತ. ಬಗ್ಗಿದ ತಲೆ ಎದುರಿಗೆ ಬಂದರೆ ನಮ್ಮ ಕಡೆಯ ಹಿರಿಯರಿಗೆ ಏನು ಗೊತ್ತಾಗುತ್ತದೆ? ಅಮ್ಮ ಅವನ ಚಹಾ ಬಣ್ಣದ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದಳು. ಮತ್ತೆ ಬೆರಳಿನಿಂದ ಕೂದಲನ್ನು ತಿಕ್ಕಿ ನೋಡಿ, "ಒಣಗಿ ಹೋಗಿದೆ. ಸ್ವಲ್ಪ ತೆಂಗಿನೆಣ್ಣೆ ಹಾಕಲಿಕ್ಕೆ ಹೇಳು. ಊಟ ಮಾಡಿದ್ದಾನಾ ಕೇಳು," ಎಂದಳು. ಎಣ್ಣೆಯ ಮಾತನ್ನು ನಾನು ನುಂಗಿದೆ. ಊಟದ್ದನ್ನು ಮಾತ್ರ ರಹಾಫಳಿಗೆ ಹೇಳಿದೆ. ಊಟ ಆಗಿರಲಿಲ್ಲ. ಕಿಮೊನೊ ತೊಟ್ಟ ಹುಡುಗ ಖಾಲಿ ಕುರ್ಚಿಯೊಂದರ ಮೇಲೆ ಕುಳಿತು ನಮ್ಮ ಬುತ್ತಿಯ ಅವಲಕ್ಕಿಯನ್ನು ತಿಂದ. ಫುಮಿಕೊಸಾನ್ ಎದುರಿಗೆ ಕುಳಿತು ಅವನು ತಿನ್ನುವುದನ್ನು ನೋಡಿದರು.

ಇಳಿಮಧ್ಯಾಹ್ನದ ಅಸರ್ ನಮಾಜಿನ ಬಾಂಗಿನ ಹೊತ್ತಿಗೆ ನಾವು ಹೊರಟೆವು. ಹಿಂತಿರುಗುವ ದಾರಿಯಲ್ಲಿ ಸಮುದ್ರ ಎಡಕ್ಕೆ, ಅದರ ಮೇಲೆ ಇಳಿಯುತ್ತಿರುವ ಸೂರ್ಯ. ಫುಮಿಕೊಸಾನ್ ಒಬ್ಬರೇ ನಗುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ನಗುತ್ತಿದ್ದರು. ರಾಬಿಗ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಚಹಾ ಕುಡಿದು ಕಾರು ಹತ್ತಿದ ಮೇಲೆ ಅವರು ಕನ್ನಡಿಯಲ್ಲಿ ಅಮ್ಮನನ್ನು ನೋಡಿ ಕೇಳಿದರು, "ಅಮ್ಮಾಸಾನ್, ನೀವು ಯಾವತ್ತೂ ಹಾಡಿಲ್ಲವೇ?"

ನಾನು ಅಮ್ಮನಿಗೆ ಹೇಳಿದೆ. ನನಗೆ ಉತ್ತರ ಗೊತ್ತಿತ್ತು. ನಾನು ಹುಟ್ಟಿದಂದಿನಿಂದ ಅಮ್ಮ ಹಾಡಿದ್ದನ್ನು ಕೇಳಿಲ್ಲ.

"ಹಾಡಿದ್ದೇನೆ," ಎಂದಳು ಅಮ್ಮ. "ನೇಜಿ ನೆಡುವಾಗ. ನನ್ನ ಅಪ್ಪನ ಮನೆಯಲ್ಲಿ ಗದ್ದೆ ಇತ್ತಲ್ಲ. ಮದುವೆಯಾಗಿ ಬಂದ ಮನೆಗೆ ಗದ್ದೆಯಿಲ್ಲ. ಗದ್ದೆ ಇಲ್ಲದೆ ಆ ಹಾಡು ಯಾಕೆ ಹಾಡುವುದು?"

ನೇಜಿ ಎಂದರೆ ಭತ್ತದ ಸಸಿ ಎಂಬಲ್ಲಿಂದ ಶುರುಮಾಡಿ ಇದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಫುಮಿಕೊಸಾನ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈ ಚಾಚಿ ಕಾರಿನ ಸ್ಟಿರಿಯೊ ಆರಿಸಿದರು. ಅವರ ಕಾರಿನಲ್ಲಿ ಅಷ್ಟು ದಿನ ಕುಳಿತಿದ್ದರೂ ಅದು ಮೌನವಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ಟಯರಿನ ಸದ್ದು ಮಾತ್ರ ಇತ್ತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಶುರುಮಾಡಿದಳು. ದಪ್ಪ ಸ್ವರ, ಗಂಡಸಿನದರಂತೆ. ಬಯಲಿನ ಆಚೆಯವರಿಗೆ ಕೇಳಿಸಲೆಂದು ಹೊರಟ ಸ್ವರಕ್ಕೆ ಆ ಸಣ್ಣ ಕಾರು ಸಾಲುತ್ತಿರಲಿಲ್ಲ. ಕೊನೆಯ ಅಕ್ಷರವನ್ನು ಎಳೆದು ಎಳೆದು ಗಾಳಿಯಲ್ಲಿ ಬಿಟ್ಟು, ನಿಲ್ಲಿಸಿದಳು.

"ಇದು ಒಬ್ಬಳೇ ಹಾಡುವುದಲ್ಲ," ಎಂದಳು. "ನಾನು ಹೇಳಿದ ಮೇಲೆ ನೀವು ಹೇಳಬೇಕು. ಗದ್ದೆಯ ಆ ಬದಿಯಲ್ಲಿ ಇದ್ದವರು ಹೇಳಿದ ಹಾಗೆ."

ಮತ್ತೆ ಹಾಡಿದಳು. ಈ ಸಲ ಫುಮಿಕೊಸಾನ್ ತಿರುಗಿ ಹೇಳಿದರು, ಅರ್ಥ ತಿಳಿಯದ ತುಳುವಿನಲ್ಲಿ, ತಮ್ಮ ಊರಿನ ಸುರುಳಿ ಸೇರಿಸಿ. ನಾನು ಹಿಂದೆ ತಿರುಗಿ ಅಮ್ಮನ ಮುಖ ನೋಡಿದೆ. ಅವಳು ತಲೆಯನ್ನು ಒಂದು ಬದಿಗೆ ವಾಲಿಸಿ ಪರೀಕ್ಷೆ ಮಾಡುವವಳ ಹಾಗೆ ಕೇಳುತ್ತಿದ್ದಳು.

"ಸ್ವರ ಸರಿಯುಂಟು ಅಂತ ಹೇಳು ಪುಮ್ಮಕ್ಕನಿಗೆ," ಎಂದಳು. "ಆದರೆ ಸ್ವಲ್ಪ ಬಗ್ಗಿ ಹೇಳಬೇಕು. ನೇಜಿ ನೆಡುವವರು ನೆಟ್ಟಗೆ ನಿಲ್ಲುವುದಿಲ್ಲ."

ನಾನು ಹೇಳಿದೆ. ಫುಮಿಕೊಸಾನ್ ರಸ್ತೆಯಿಂದ ಕಣ್ಣು ತೆಗೆಯದೆ, ಸ್ಟಿಯರಿಂಗಿನ ಮೇಲೆ ಬೆನ್ನನ್ನು ಸ್ವಲ್ಪ ಬಾಗಿಸಿ, ಮತ್ತೊಮ್ಮೆ ಹಾಡಿದರು.